ಕೆಲಸದ ಮೇಲೆ ಹೊರೂರಲ್ಲಿದ್ದಾಗ ಓಟ ತಪ್ಪದಿರಲು ಏನು ಮಾಡಬೇಕು?

"ತಿಂಗಳಲ್ಲಿ ಅರ್ಧದಷ್ಟು ದಿನ ಹೊರೂರಲ್ಲೇ ಇರ್ತೀನಿ. ಓಟದ ವೇಳಾಪಟ್ಟಿ ಹೇಗೆ ಉಳಿಸಿಕೊಳ್ಳೋದು?" ಓಡುವವರು ನಾಲ್ಕು ಜನ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ನನ್ನ ಉತ್ತರ ಕೇಳಿ ಹಲವರಿಗೆ ಅಚ್ಚರಿಯಾಗುತ್ತದೆ: ವೇಳಾಪಟ್ಟಿಯನ್ನು ಉಳಿಸಿಕೊಳ್ಳಲು ಹೋಗಬೇಡಿ. ಓಡುವ ದಿನಗಳನ್ನು ಕಡಿಮೆ ಮಾಡಿ, ನಿಮಿಷಗಳನ್ನೂ ಕಡಿಮೆ ಮಾಡಿ. ವಾರಕ್ಕೆ ಒಂದೆರಡು ಸಲ ಏದುಸಿರು ಬರುವಂತೆ ಓಡುವುದನ್ನು ಮಾತ್ರ ಬಿಡಬೇಡಿ.

ಬಹಳಷ್ಟು ಜನ ಮಾಡುವುದು ಇದಕ್ಕೆ ತದ್ವಿರುದ್ಧ. ಮನೆಯಲ್ಲಿದ್ದಾಗ ಐದು ದಿನ ಓಡುವವರು ಹೊರೂರಲ್ಲೂ ಐದು ದಿನ ಓಡಲು ನೋಡುತ್ತಾರೆ. ನಿದ್ದೆ ಸಾಲದೆ ಎಲ್ಲ ಓಟವೂ ನಿಧಾನವಾಗುತ್ತದೆ, ಎರಡನೇ ವಾರಕ್ಕೆ ಎರಡು ದಿನ ತಪ್ಪುತ್ತದೆ, ಮೂರನೇ ವಾರಕ್ಕೆ "ಇನ್ನು ಮನೆಗೆ ಹೋದ ಮೇಲೇ ನೋಡೋಣ" ಎಂದು ಕೈಬಿಡುತ್ತಾರೆ. ಕಷ್ಟಪಟ್ಟು ಗಳಿಸಿದ ಕಸುವು ಹೀಗೆ ಸುಮ್ಮನೆ ಸೋರಿಹೋಗುವುದನ್ನು ನೋಡಿದರೆ ಬೇಸರವಾಗುತ್ತದೆ, ಯಾಕೆಂದರೆ ಅದನ್ನು ಹಿಡಿದಿಟ್ಟುಕೊಳ್ಳಲು ಬೇಕಾಗುವ ಶ್ರಮ ಬಹಳ ಕಡಿಮೆ.

ಇದಕ್ಕೆ ಗಟ್ಟಿ ಆಧಾರವಿದೆ. 1980ರ ದಶಕದ ಮೊದಲರ್ಧದಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್ಸನ್ ಮತ್ತು ಸಂಗಡಿಗರು ಸಾಲಾಗಿ ಮೂರು ಪ್ರಯೋಗ ಮಾಡಿದರು. ಮೊದಲು 10 ವಾರ, ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷ ಕಠಿಣವಾಗಿ ಓಟ ಮತ್ತು ಸೈಕ್ಲಿಂಗ್ ಮಾಡಿಸಿದರು. ಆಮೇಲಿನ 15 ವಾರಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ಇಳಿಸಿದರು. ದಿನಗಳನ್ನು ವಾರಕ್ಕೆ ಎರಡಕ್ಕೆ ಇಳಿಸಿದಾಗಲೂ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ, ಅಂದರೆ ವಿಒ2 ಮ್ಯಾಕ್ಸ್, ಹಾಗೇ ಉಳಿಯಿತು. ಹೊತ್ತನ್ನು 13 ನಿಮಿಷಕ್ಕೆ ಇಳಿಸಿದಾಗಲೂ ಉಳಿಯಿತು. ತೀವ್ರತೆಯನ್ನು ಮೂರನೇ ಒಂದು ಭಾಗ ಇಳಿಸಿದಾಗ ಮಾತ್ರ ಕುಸಿಯಿತು. 13 ನಿಮಿಷದ ಗುಂಪಿನವರಲ್ಲಿ ಇನ್ನೊಂದು ಸಂಗತಿ ಕಂಡಿತು: ಗರಿಷ್ಠ ಸಾಮರ್ಥ್ಯ ಉಳಿದರೂ ಬಹಳ ಹೊತ್ತು ದಣಿಯದೆ ಮುಂದುವರಿಯುವ ತಾಳಿಕೆ ಸ್ವಲ್ಪ ಕುಗ್ಗಿತು. ಹಾಗಾಗಿ ಉದ್ದನೆಯ ಓಟಕ್ಕೂ ಎಲ್ಲಾದರೂ ಒಂದು ಜಾಗ ಮಾಡಲೇಬೇಕು.

ನಾನು ಹೇಳುವ ವಾರ ಹೀಗಿರುತ್ತದೆ. ಒಂದು ದಿನ 30 ನಿಮಿಷ: ಮೊದಲ 10 ನಿಮಿಷ ಮಾತಾಡುತ್ತ ಓಡಬಹುದಾದಷ್ಟು ಹಗುರ, ನಂತರ 1 ನಿಮಿಷ ಜೋರು, ಒಂದೂವರೆ ನಿಮಿಷ ನಿಧಾನ, ಹೀಗೆ ಆರು ಸಲ, ಕೊನೆಗೆ 5 ನಿಮಿಷ ಹಗುರ. ಜೋರು ಅಂದರೆ ಮೂರು ನಾಲ್ಕು ಪದಕ್ಕಿಂತ ಹೆಚ್ಚು ಒಟ್ಟಿಗೆ ಆಡಲಾಗದ ವೇಗ. ಮೈಮೇಲೆ ಬಂದಂತೆ ಓಡುವುದಲ್ಲ. ಆರನೆಯದು ಮೊದಲನೆಯದರಷ್ಟೇ ವೇಗದಲ್ಲಿರಬೇಕು. ಎರಡು ಮೂರು ದಿನ ಬಿಟ್ಟು ಇನ್ನೊಂದು ಓಟ: 10 ನಿಮಿಷ ಹಗುರ, 12 ನಿಮಿಷ ಒಂದೇ ಸಮನೆ ಬಿರುಸು, 5 ನಿಮಿಷ ಹಗುರ. ಇಷ್ಟಾದರೆ ವಾರದ ಕೆಲಸ ಮುಗಿದ ಹಾಗೆಯೇ. ಮೂರನೆಯದು ಸಿಕ್ಕರೆ 30–40 ನಿಮಿಷದ ಹಗುರ ಓಟ. ವಾರಾಂತ್ಯಕ್ಕೆ ಮನೆಗೆ ಬರುವವರು ಉದ್ದನೆಯ ಓಟವನ್ನು ಅಲ್ಲಿಗೇ ಇಟ್ಟುಕೊಳ್ಳಲಿ. ತಿಂಗಳುಗಟ್ಟಲೆ ಹೊರಗಿರುವವರು ಎರಡು ವಾರಕ್ಕೊಮ್ಮೆ 75–90 ನಿಮಿಷ ಬಿಡುವು ಮಾಡಿಕೊಂಡರೆ ಸಾಕು. ಮನೆಯಲ್ಲಿದ್ದಾಗ ಎಂದೂ ವೇಗದ ಓಟ ಮಾಡದವರು ಅದನ್ನು ಹೊರೂರಲ್ಲಿ ಶುರುಮಾಡುವುದು ಬೇಡ. ಹಗುರ ಓಟದ ಕೊನೆಗೆ 20 ಸೆಕೆಂಡಿನ ಚುರುಕು ಓಟ ನಾಲ್ಕು ಸಲ ಸೇರಿಸಿದರೆ ಸದ್ಯಕ್ಕೆ ಸಾಕು.

ಯಾವ ಹೊತ್ತಿಗೆ ಓಡಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಖಚಿತ: ಹೊರೂರಲ್ಲಿ ಸಂಜೆಯನ್ನು ನಂಬಬೇಡಿ. ಸಭೆ ತಡವಾಗುತ್ತದೆ, ಊಟಕ್ಕೆ ಕರೆ ಬರುತ್ತದೆ, ಕೋಣೆಗೆ ಬಂದು ಹಾಸಿಗೆಯ ಮೇಲೆ ಕೂತರೆ ಅಲ್ಲಿಗೆ ಮುಗಿಯಿತು. ಬೆಳಗ್ಗೆಯ ತೊಡಕೆಂದರೆ ಬಿಗಿತ. ಎದ್ದಾಗ ದೇಹದ ಉಷ್ಣತೆ ಕಡಿಮೆ ಇರುತ್ತದೆ, ರಾತ್ರಿಯಿಡೀ ಮಲಗಿದ್ದರಿಂದ ಬೆನ್ನೆಲುಬಿನ ನಡುವಿನ ಮೆತ್ತೆಗಳು ನೀರು ಹೀರಿ ಉಬ್ಬಿರುತ್ತವೆ. ಹಾಗಾಗಿ ಎದ್ದ ಕೂಡಲೇ ಬಗ್ಗಿ ಕಾಲು ಮುಟ್ಟುವ ವ್ಯಾಯಾಮ ಬೇಡ. ಐದು ನಿಮಿಷ ನಡೆದು, ಆಮೇಲೆ ಹತ್ತು ನಿಮಿಷ ಹಗುರವಾಗಿ ಓಡಿ, ನಂತರವೇ ವೇಗಕ್ಕೆ ಇಳಿಯಿರಿ. ಈ ಹತ್ತು ನಿಮಿಷವನ್ನು ಸಮಯ ಉಳಿಸಲು ಕತ್ತರಿಸುವವರೇ ಮೀನಖಂಡ ಹಿಡಿದುಕೊಂಡು ಕೂರುತ್ತಾರೆ. ಸಮಯ ಕಡಿಮೆಯಿದ್ದರೆ ಆರು ಸುತ್ತಿನ ಬದಲು ಮೂರು ಸುತ್ತು ಮಾಡಿ.

ಪಾಳಿಯಲ್ಲಿ ದುಡಿಯುವವರ ಲೆಕ್ಕ ಬೇರೆ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಬಿಸಿಲಲ್ಲಿ ಓಡಿದರೆ ಆ ಬೆಳಕೇ ನಿದ್ದೆಯನ್ನು ದೂರ ತಳ್ಳುತ್ತದೆ. ಮಲಗಿ ಎದ್ದು, ಪಾಳಿಗೆ ಹೋಗುವ ಮುಂಚೆ ಓಡಿ. ಹಗಲು ಪಾಳಿಯಿಂದ ರಾತ್ರಿ ಪಾಳಿಗೆ ಬದಲಾಗುವ ದಿನ ವೇಗದ ಓಟ ಬೇಡ. ದಿನವಿಡೀ ನಿಂತು, ನಡೆದು ಮಾಡುವ ಕೆಲಸವಾದರೆ ಅದೂ ಕಾಲಿನ ಮೇಲಿನ ಭಾರವೇ. ಅಂಥವರಿಗೆ ಹಗುರ ಓಟದ ಅಗತ್ಯ ಇನ್ನೂ ಕಡಿಮೆ.

ಇನ್ನು ಟ್ರೆಡ್‌ಮಿಲ್. ಇದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ. "1 ಶೇಕಡಾ ಏರು ಇಡಲೇಬೇಕು" ಎಂಬ ಮಾತು 1996ರಲ್ಲಿ ಜೋನ್ಸ್ ಮತ್ತು ಡೌಸ್ಟ್ ಪ್ರಕಟಿಸಿದ ಅಧ್ಯಯನದಿಂದ ಬಂದದ್ದು. ಹೊರಗೆ ಓಡುವಾಗ ಎದುರಾಗುವ ಗಾಳಿಯ ತಡೆಯನ್ನು ಆ ಏರು ಸರಿದೂಗಿಸುತ್ತದೆ ಎಂದು ಅವರು ಕಂಡುಕೊಂಡದ್ದು ಗಂಟೆಗೆ ಸುಮಾರು 10.5 ರಿಂದ 18 ಕಿ.ಮೀ. ವೇಗದಲ್ಲಿ. ಅದಕ್ಕಿಂತ ನಿಧಾನವಾಗಿ ಓಡುವವರಿಗೆ ಗಾಳಿಯ ತಡೆಯೇ ಅತ್ಯಲ್ಪ, ಏರಿನ ಚಿಂತೆ ಬೇಕಿಲ್ಲ. ನಿಜವಾದ ತೊಂದರೆ ಎರಡು. ಮೊದಲನೆಯದು ಸೆಕೆ. ಹೊರಗೆ ಓಡುವಾಗ ನೀವು ಮುಂದೆ ಸಾಗುವುದರಿಂದಲೇ ಮೈಗೆ ಗಾಳಿ ತಾಗಿ ಬೆವರು ಆರುತ್ತದೆ. ಟ್ರೆಡ್‌ಮಿಲ್ ಮೇಲೆ ನಿಂತಲ್ಲೇ ಓಡುವುದರಿಂದ ಬೆವರು ಆರದೆ ಸುರಿಯುತ್ತದೆ, ಚರ್ಮ ತಂಪಾಗಿಸಲು ರಕ್ತ ಅತ್ತ ಹರಿಯುತ್ತದೆ, ಅದೇ ವೇಗಕ್ಕೆ ಎದೆಬಡಿತ ನಿಮಿಷದಿಂದ ನಿಮಿಷಕ್ಕೆ ಏರುತ್ತ ಹೋಗುತ್ತದೆ. ಫ್ಯಾನ್ ಇರುವ ಕಡೆಯ ಯಂತ್ರವನ್ನೇ ಹಿಡಿಯಿರಿ. ಫ್ಯಾನ್ ಇಲ್ಲದಿದ್ದರೆ ಎದೆಬಡಿತದ ಅಂಕಿ ನೋಡಿ ಗಾಬರಿಯಾಗದೆ ಬಿರುಸಿನ ಭಾಗವನ್ನು ತುಂಡು ಮಾಡಿ: 12 ನಿಮಿಷ ಒಂದೇ ಸಮನೆ ಓಡುವ ಬದಲು 4 ನಿಮಿಷದ ಮೂರು ತುಂಡು, ನಡುವೆ ಒಂದು ನಿಮಿಷದ ನಡಿಗೆ.

ಎರಡನೆಯದು ವೇಗದ ಸುಳ್ಳು ಲೆಕ್ಕ. ಹೋಟೆಲ್ ಜಿಮ್‌ಗಳ ಯಂತ್ರ ವರ್ಷಗಟ್ಟಲೆ ಹೊಂದಾಣಿಕೆ ಕಾಣದೆ ಓಡುತ್ತಿರುತ್ತದೆ. ಅಲ್ಲೇ ಬಹಳ ದಿನ ಇರುವವರು ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ಯಂತ್ರ ನಿಂತಿರುವಾಗ ಬೆಲ್ಟಿನ ಅಂಚಿಗೆ ಬಣ್ಣದ ಟೇಪಿನ ಚಿಕ್ಕ ತುಂಡು ಅಂಟಿಸಿ, ಬೆಲ್ಟನ್ನು ಕೈಯಿಂದ ಸರಿಸುತ್ತ ಒಂದು ಪೂರ್ತಿ ಸುತ್ತಿನ ಉದ್ದ ಅಳೆಯಿರಿ. ಆಮೇಲೆ ನೀವು ಓಡುತ್ತಿರುವಾಗ ಟೇಪು ಒಂದು ನಿಮಿಷದಲ್ಲಿ ಎಷ್ಟು ಸಲ ಬಂತೆಂದು ಇನ್ನೊಬ್ಬರಿಂದ ಎಣಿಸಿ. ಬೆಲ್ಟ್ 3.2 ಮೀಟರ್, ಸುತ್ತು 50 ಆದರೆ ನಿಮಿಷಕ್ಕೆ 160 ಮೀಟರ್, ಅಂದರೆ ಗಂಟೆಗೆ 9.6 ಕಿ.ಮೀ. ಪರದೆ 10 ತೋರಿಸುತ್ತಿದ್ದರೆ ವ್ಯತ್ಯಾಸ ಗೊತ್ತಾಯಿತು. ಖಾಲಿ ಯಂತ್ರದ ಮೇಲೆ ಎಣಿಸಬೇಡಿ; ಮೇಲೆ ಭಾರ ಬಿದ್ದಾಗ ಬೆಲ್ಟ್ ನಿಧಾನವಾಗುವುದುಂಟು. ಎರಡು ಮೂರು ದಿನ ಮಾತ್ರ ಇರುವವರು ಈ ಗೊಡವೆಗೆ ಹೋಗದೆ ಉಸಿರಿನ ಲೆಕ್ಕದಲ್ಲೇ ಓಡಲಿ.

ಜಿಮ್ ಇಲ್ಲ, ಹೊರಗೆ ಓಡುವಂತಿಲ್ಲ ಅಂದರೆ ಮೆಟ್ಟಿಲು ಇದೆ. ಎಂಟು ಹತ್ತು ಮಹಡಿ ಚುರುಕಾಗಿ ಹತ್ತಿ ಲಿಫ್ಟಿನಲ್ಲಿ ಇಳಿಯಿರಿ, ಐದಾರು ಸಲ. ಓಡುತ್ತ ಇಳಿಯಬೇಡಿ: ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ, ರೂಢಿಯಿಲ್ಲದವರಿಗೆ ಮುಂದಿನ ಎರಡು ಮೂರು ದಿನ ಕುರ್ಚಿಯಿಂದ ಏಳುವುದೇ ಕಷ್ಟವಾಗುತ್ತದೆ. ಹತ್ತುವ ಮುಂಚೆ ಒಂದು ಸಂಗತಿ ನೋಡಿಕೊಳ್ಳಿ. ತುರ್ತು ಮೆಟ್ಟಿಲಿನ ಬಾಗಿಲು ಕೆಲವು ಕಟ್ಟಡಗಳಲ್ಲಿ ಮೆಟ್ಟಿಲಿನ ಕಡೆಯಿಂದ ತೆರೆಯುವುದಿಲ್ಲ. ನೆಲಮಹಡಿಯವರೆಗೆ ಇಳಿದೇ ಹೊರಬರಬೇಕು. ಸಿಬ್ಬಂದಿಯನ್ನು ಕೇಳಿಕೊಂಡೇ ಹೋಗಿ.

ಹೊರಗೆ ಓಡುವುದಾದರೆ ದಾರಿಯನ್ನು ಹಿಂದಿನ ಸಂಜೆಯೇ ನೋಡಿಟ್ಟುಕೊಳ್ಳಿ. ನಕ್ಷೆಯ ಉಪಗ್ರಹ ಚಿತ್ರದಲ್ಲಿ ಕೆರೆದಂಡೆ, ಮೈದಾನ, ಉದ್ಯಾನ ಹುಡುಕಿ, ಅದು ತೆರೆಯುವ ಹೊತ್ತು ತಿಳಿದುಕೊಂಡು, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಇಂಟರ್ನೆಟ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಮೊದಲ ದಿನ ದೂರದ ಗುರಿ ಬೇಡ. 15 ನಿಮಿಷ ಹೋಗಿ, ಬಂದ ದಾರಿಯಲ್ಲೇ ತಿರುಗಿ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಸಂಕೇತ ಗೋಡೆಗಳಿಗೆ ಬಡಿದು ಬರುವುದರಿಂದ ವಾಚು ತೋರಿಸುವ ವೇಗ ಹುಚ್ಚುಹುಚ್ಚಾಗಿ ಏರಿಳಿಯುತ್ತದೆ, ಅದಕ್ಕೂ ಸಮಯದ ಲೆಕ್ಕವೇ ಮದ್ದು. ಕಾಲುದಾರಿ ಇಲ್ಲದಲ್ಲಿ ವಾಹನಗಳಿಗೆ ಎದುರಾಗಿ ಓಡಿ. ವಾಹನಗಳು ನಿಮಗೆ ರೂಢಿಯಿಲ್ಲದ ಬದಿಯಲ್ಲಿ ಓಡಾಡುವ ದೇಶವಾದರೆ ರಸ್ತೆ ದಾಟುವಲ್ಲೆಲ್ಲ ನಿಂತೇ ನೋಡಿ. ದಣಿದ ತಲೆ ಹಳೆಯ ರೂಢಿಯಂತೆ ತಪ್ಪು ಬದಿಗೇ ತಿರುಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಿರಿ. ಜೇಬಿನಲ್ಲಿ ತಂಗಿರುವ ಜಾಗದ ವಿಳಾಸ, ಒಂದು ಫೋನ್ ನಂಬರ್ ಬರೆದ ಕಾಗದವಿರಲಿ.

ಸಾಮಾನಿನ ವಿಷಯ ಚಿಕ್ಕದು. ಓಟದ ಶೂ ಕೈಚೀಲದಲ್ಲೇ ಇರಲಿ, ಕಳುಹಿಸುವ ಪೆಟ್ಟಿಗೆಯಲ್ಲಿ ಬೇಡ. ಬಟ್ಟೆ ಎಲ್ಲಾದರೂ ಸಿಗುತ್ತದೆ, ಪಾದಕ್ಕೆ ಪಳಗಿದ ಶೂ ಸಿಗುವುದಿಲ್ಲ. ಬಟ್ಟೆ ಎರಡು ಜೊತೆ ಸಾಕು, ಹತ್ತಿಯದ್ದು ಬೇಡ. ಬೇಸಿನ್ನಿನಲ್ಲಿ ಒಗೆದು, ಒಣ ಟವೆಲ್ ಮೇಲೆ ಹರಡಿ, ಟವೆಲ್ ಸಮೇತ ಸುರುಳಿ ಸುತ್ತಿ ಬಲವಾಗಿ ಹಿಂಡಿದರೆ ನೀರೆಲ್ಲ ಟವೆಲ್ಲಿಗೆ ಹೋಗಿ ಬೆಳಗಿನೊಳಗೆ ಒಣಗುತ್ತದೆ. ಶೂ ನೆನೆದರೆ ಒಳಪದರ ಹೊರತೆಗೆದು ಪತ್ರಿಕೆಯ ಹಾಳೆ ತುರುಕಿ, ಒಂದು ಗಂಟೆ ಬಿಟ್ಟು ಹಾಳೆ ಬದಲಿಸಿ. ಹೇರ್ ಡ್ರೈಯರ್‌ನ ಬಿಸಿ ಹಿಡಿದರೆ ಅಂಟು ಬಿಡುತ್ತದೆ.

ದೂರ ಪ್ರಯಾಣವಿದ್ದರೆ ದೇಹದ ಗಡಿಯಾರದ ಲೆಕ್ಕ ಬೇಕು. ಬೆಳಕು ಆ ಗಡಿಯಾರವನ್ನು ಮುಂದಕ್ಕೂ ತಳ್ಳುತ್ತದೆ, ಹಿಂದಕ್ಕೂ ತಳ್ಳುತ್ತದೆ; ಮನೆಯ ಸಮಯದ ನಸುಕು ಸುಮಾರು 5 ಗಂಟೆ ಅದರ ತಿರುವು, ಅದಕ್ಕೆ ಮುಂಚಿನ ಬೆಳಕು ಹಿಂದಕ್ಕೆ, ನಂತರದ್ದು ಮುಂದಕ್ಕೆ ತಳ್ಳುತ್ತದೆ. ಪೂರ್ವಕ್ಕೆ 8 ಗಂಟೆ ಸಮಯವಲಯ ದಾಟಿದಿರಿ ಅನ್ನಿ. ಮನೆಯ 5 ಗಂಟೆ ಅಂದರೆ ಅಲ್ಲಿಯ ಮಧ್ಯಾಹ್ನ 1 ಗಂಟೆ. ಅದಕ್ಕೂ ಮುಂಚೆ ಬಿಸಿಲಿಗೆ ಬಿದ್ದರೆ ಗಡಿಯಾರ ಬೇಡದ ದಿಕ್ಕಿಗೇ ಸರಿಯುತ್ತದೆ. ಆದ್ದರಿಂದ ಮೊದಲ ದಿನಗಳಲ್ಲಿ ಮಧ್ಯಾಹ್ನದ ನಂತರ ಓಡಿ, ದಿನಕ್ಕೆ ಒಂದು ಗಂಟೆಯಷ್ಟು ಮುಂಚೆಗೆ ತನ್ನಿ. ಪಶ್ಚಿಮಕ್ಕೆ ಹೋದರೆ ಸಂಜೆಯ ಬೆಳಕಿನಲ್ಲಿ ಓಡುವುದು ಸಹಾಯಕ. ಸಂಜೆ ಬೇಡ ಎಂದ ನನ್ನ ಮಾತಿಗೆ ಇಲ್ಲಿ ವಿನಾಯಿತಿ. ವಿಮಾನದಿಂದ ಇಳಿದ ಮೊದಲ 24 ಗಂಟೆ 20 ನಿಮಿಷದ ಹಗುರ ಓಟಕ್ಕಿಂತ ಹೆಚ್ಚು ಬೇಡ.

ಹೋದ ಊರು ನಿಮ್ಮೂರಿಗಿಂತ ಬಿಸಿಯಾಗಿದ್ದರೆ ದೇಹ ಹೊಂದಿಕೊಳ್ಳಲು 10–14 ದಿನ ಬೇಕು. ಮೊದಲ ನಾಲ್ಕೈದು ದಿನ ಹೊರಗೆ 20–30 ನಿಮಿಷ ಹಗುರವಾಗಿ ಓಡಿ, ವೇಗದ ಓಟವನ್ನು ತಂಪಾದ ಜಿಮ್ಮಿಗೆ ಬಿಡಿ. ಸಮುದ್ರಮಟ್ಟದಿಂದ 1,500 ಮೀಟರ್ ದಾಟಿದ ಮೇಲೆ ಪ್ರತಿ 100 ಮೀಟರಿಗೆ ಸಾಮರ್ಥ್ಯ ಸುಮಾರು 1 ಶೇಕಡಾ ಇಳಿಯುತ್ತದೆ, ಮನೆಯ ವೇಗವನ್ನು ಅಲ್ಲಿ ಹಠದಿಂದ ಹಿಡಿಯಬೇಡಿ. ಎತ್ತರದಲ್ಲಿ ತಲೆನೋವು, ವಾಕರಿಕೆ ಇದ್ದರೆ ಓಟವೇ ಬೇಡ.

ಇಷ್ಟೆಲ್ಲ ಆಗಿಯೂ ಓಟ ಪೂರ್ತಿ ತಪ್ಪಿದರೆ? ಕೆಲವೇ ದಿನಗಳಲ್ಲಿ ರಕ್ತದ ದ್ರವಾಂಶ ಇಳಿಯುತ್ತದೆ, ಅದಕ್ಕೇ ಮರಳಿ ಓಡಿದ ಮೊದಲ ದಿನ ಎದೆಬಡಿತ ಹೆಚ್ಚಾಗಿ "ಎಲ್ಲ ಹೋಯಿತು" ಅನ್ನಿಸುತ್ತದೆ. ಹೋಗಿರುವುದಿಲ್ಲ, ನಾಲ್ಕಾರು ಓಟದಲ್ಲಿ ಅದು ಮರಳುತ್ತದೆ. ಒಂದು ವಾರದೊಳಗಿನ ಬಿಡುವಾದರೆ ಬಿಟ್ಟಲ್ಲಿಂದಲೇ ಮುಂದುವರಿಸಿ, ತಪ್ಪಿದ್ದನ್ನು ಸೇರಿಸಿ ಓಡಬೇಡಿ. ಎರಡು ವಾರವಾದರೆ ಮುಂಚಿನ ದೂರದ ಮುಕ್ಕಾಲು ಪಾಲು, ತಿಂಗಳು ದಾಟಿದ್ದರೆ ಅರ್ಧದಿಂದ ಶುರುಮಾಡಿ. ಈ ಹಂತದಲ್ಲೇ ಗಾಯಗಳು ಹೆಚ್ಚು, ಯಾಕೆಂದರೆ ಉಸಿರಿನ ಶಕ್ತಿ ಬೇಗ ಮರಳುತ್ತದೆ, ಸ್ನಾಯುರಜ್ಜು ಮತ್ತು ಮೂಳೆ ನಿಧಾನ. ಮೊದಲ ವಾರ ಇನ್ನೂ ಓಡಬಲ್ಲೆ ಅನ್ನಿಸುವಾಗಲೇ ನಿಲ್ಲಿಸಿ. ಬೆಳಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ಮೇಲ್ಭಾಗ ಬಿಗಿದು ನೋಯುತ್ತಿದ್ದರೆ ವೇಗದ ಓಟವನ್ನು ಮುಂದೂಡಿ, ಹಗುರ ಓಟ ಮಾತ್ರ ಮಾಡಿ. ನಡೆಯುವಾಗಲೂ ನೋವು ಉಳಿದರೆ ಅದೂ ಬೇಡ.