ಮಂಡಕ್ಕಿ ಬಿಡಬೇಡಿ, ಎಣ್ಣೆ ಅಳೆಯಿರಿ

ತೂಕ ಇಳಿಸಬೇಕು ಅಂತ ಮನಸ್ಸು ಮಾಡಿದ ಕೂಡಲೇ ದಾವಣಗೆರೆ ಕಡೆಯ ಮನೆಗಳಲ್ಲಿ ಅನ್ನ ಬಂದ್, ಮಂಡಕ್ಕಿ ಬಂದ್, ರಾತ್ರಿ ಊಟ ಬಂದ್. ಎರಡು ವಾರ ಹೇಗೋ ನಡೆಯುತ್ತದೆ, ಮೊದಲ ಮದುವೆ ಊಟಕ್ಕೆ ಎಲ್ಲ ಮುರಿದುಬೀಳುತ್ತದೆ. ಇಷ್ಟು ಕಷ್ಟಪಡಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಅಳತೆ ಇಲ್ಲದೆ ಒಳಗೆ ಹೋಗುವುದು ಮುಖ್ಯವಾಗಿ ಮೂರು: ಎಣ್ಣೆ, ಟೀ ಸಕ್ಕರೆ, ರೊಟ್ಟಿ ಆದ ಮೇಲೆ ಬಡಿಸುವ ಅನ್ನ. ಇವು ಹಿಡಿತಕ್ಕೆ ಬಂದರೆ ಮಿಕ್ಕಿದ್ದು ತಾನಾಗಿ ಸರಿಹೋಗುತ್ತದೆ.

ಎಣ್ಣೆಯಿಂದ ಶುರು ಮಾಡೋಣ. ಹಿಟ್ಟು, ಬೇಳೆ ಯಾವುದೇ ಆಗಲಿ, ಅದರ ಪಿಷ್ಟ ಮತ್ತು ಪ್ರೋಟೀನು ಗ್ರಾಂಗೆ 4 ಕ್ಯಾಲೊರಿ ಕೊಡುತ್ತವೆ. ಕೊಬ್ಬು 9 ಕೊಡುತ್ತದೆ. 5 ಎಂ.ಎಲ್. ಹಿಡಿಯುವ ಒಂದು ಟೀ ಚಮಚ ಎಣ್ಣೆ ಅಂದರೆ 40ಕ್ಕೂ ಹೆಚ್ಚು ಕ್ಯಾಲೊರಿ. ಸೇಂಗಾ ಎಣ್ಣೆ, ಸೂರ್ಯಕಾಂತಿ, ಗಾಣದೆಣ್ಣೆ ಎಲ್ಲಕ್ಕೂ ಇದೇ ಲೆಕ್ಕ. ಚಳ್ಳಕೆರೆ ಗಾಣದಿಂದ ತಂದರೂ ಕ್ಯಾಲೊರಿ ಕಡಿಮೆಯಾಗುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ 2000 ಕ್ಯಾಲೊರಿಯ ದಿನದ ಊಟಕ್ಕೆ 27 ಗ್ರಾಂ ಎಣ್ಣೆ-ತುಪ್ಪ ಸಾಕು ಅನ್ನುತ್ತದೆ, ಅಂದರೆ ಸುಮಾರು ಆರು ಚಮಚ. ತೂಕ ಇಳಿಸುವವರು ನಾಲ್ಕಕ್ಕೆ ನಿಲ್ಲಿಸುವುದು ಒಳ್ಳೆಯದು. ತಿಂಗಳಿಗೆ ಒಬ್ಬರಿಗೆ 600 ಎಂ.ಎಲ್. ಆಯಿತು. ನಾಲ್ಕು ಜನ ದೊಡ್ಡವರಿರುವ ಮನೆಗೆ ಎರಡೂವರೆ ಲೀಟರು ತೆಗೆದು ಬೇರೆ ಡಬ್ಬಿಗೆ ಹಾಕಿ, ಒಗ್ಗರಣೆಗೆ ಚಮಚದಲ್ಲೇ ತೆಗೆಯಿರಿ. ಡಬ್ಬಿ 20ನೇ ತಾರೀಖಿಗೇ ಖಾಲಿಯಾದರೆ ಎಣ್ಣೆ ಎಲ್ಲಿ ಹೋಗುತ್ತಿದೆ ಅಂತ ಅಡುಗೆಮನೆಯಲ್ಲೇ ಹುಡುಕಬಹುದು. ಸಾಮಾನ್ಯವಾಗಿ ಸಿಗುವ ಉತ್ತರ ಪಲ್ಯದ ಒಗ್ಗರಣೆ, ಚಪಾತಿ ಸುಡುವಾಗ ಸವರಿದ್ದು, ಸಂಜೆಯ ಕರಿದ ತಿಂಡಿ. ಇನ್ನು ಬೆಣ್ಣೆ ದೋಸೆ: ಒಂದು ದೋಸೆಗೆ 15 ಗ್ರಾಂ ಬೆಣ್ಣೆ ಬಿದ್ದರೂ ಬೆಣ್ಣೆಯಿಂದಲೇ 100 ಕ್ಯಾಲೊರಿ ಮೀರುತ್ತದೆ. ಊರಿನ ದೋಸೆ ಬಿಡಿ ಅಂತ ಯಾರೂ ಹೇಳಬಾರದು. ವಾರಕ್ಕೊಮ್ಮೆ, ಒಂದೇ ಪ್ಲೇಟು, ಅದೇ ಆ ಬೆಳಗಿನ ತಿಂಡಿ. ಮನೆಯಲ್ಲಿ ಉಪ್ಪಿಟ್ಟು ತಿಂದು ಆಮೇಲೆ ದೋಸೆಗೆ ಹೋಗುವುದು ಬೇಡ.

ಮಂಡಕ್ಕಿ ವಿಷಯದಲ್ಲಿ ಅನ್ಯಾಯವೇ ಜಾಸ್ತಿ. 30 ಗ್ರಾಂ ಮಂಡಕ್ಕಿ ದೊಡ್ಡ ಬಟ್ಟಲು ತುಂಬುತ್ತದೆ, ಅದರಲ್ಲಿರುವುದು ಸುಮಾರು 110 ಕ್ಯಾಲೊರಿ. ತೊಂದರೆ ಇರುವುದು ಒಗ್ಗರಣೆಯಲ್ಲಿ. ನಾಲ್ಕು ಜನಕ್ಕೆ 75 ಎಂ.ಎಲ್. ಎಣ್ಣೆ ಸುರಿದರೆ ತಲಾ 150 ಕ್ಯಾಲೊರಿ ಎಣ್ಣೆಯದೇ. ಬದಲಿಗೆ 120 ಗ್ರಾಂ ಮಂಡಕ್ಕಿಗೆ ನಾಲ್ಕು ಟೀ ಚಮಚ ಎಣ್ಣೆ ಸಾಕು. ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಸಣ್ಣ ಉರಿಯಲ್ಲಿ ಬಾಡಿಸಿ, ಅರಿಶಿನ ಹಾಕಿ ಉರಿ ಆರಿಸಿ. ಎಣ್ಣೆ ಕಡಿಮೆ ಇದ್ದಾಗ ಖಾರದಪುಡಿ ತಳ ಹಿಡಿದು ಸೀಯುತ್ತದೆ, ಹಾಗಾಗಿ ಅದನ್ನು ಹುರಿಗಡಲೆ ಪುಡಿಯೊಂದಿಗೆ ಬೆರೆಸಿ ಉರಿ ಆರಿಸಿದ ಮೇಲೆ ಉದುರಿಸಬೇಕು. ಮಂಡಕ್ಕಿಯಲ್ಲಿ ಹುರಿಯುವಾಗಲೇ ಉಪ್ಪು ಸೇರಿರುತ್ತದೆ, ರುಚಿ ನೋಡದೆ ಮತ್ತೆ ಹಾಕಬೇಡಿ. ತಿನ್ನುವ ಹೊತ್ತಿಗೆ ಈರುಳ್ಳಿ, ಟೊಮೆಟೊ, ಸೌತೆಕಾಯಿ, ಒಂದು ಹಿಡಿ ಮೊಳಕೆ ಹೆಸರುಕಾಳು, ನಿಂಬೆರಸ. ಮೊದಲೇ ಕಲಸಿಟ್ಟರೆ ಮೆತ್ತಗಾಗುತ್ತದೆ. ಜೊತೆಗೆ ಮಿರ್ಚಿ ಬೇಕೇಬೇಕು ಅಂದರೆ ಒಂದು. ಎಣ್ಣೆ ಸರಿಯಾಗಿ ಕಾಯದೆ ಬಿಟ್ಟರೂ, ಹಿಟ್ಟಿಗೆ ಸೋಡಾ ಜಾಸ್ತಿಯಾದರೂ ಮಿರ್ಚಿ ಎಣ್ಣೆ ಕುಡಿಯುತ್ತದೆ. ಕಾಗದದ ಮೇಲೆ ಒತ್ತಿ ನೋಡಿದರೆ ಗೊತ್ತಾಗುತ್ತದೆ.

ಊಟದ ತಟ್ಟೆಯಲ್ಲಿ ನಮ್ಮ ಕಡೆಯ ಕ್ರಮ ಹೇಗಿದೆ ನೋಡಿ: ಎರಡು ರೊಟ್ಟಿ, ಆಮೇಲೆ ಅನ್ನ-ಸಾರು, ಕೊನೆಗೆ ಮತ್ತೆ ಅನ್ನ-ಮಜ್ಜಿಗೆ. ಒಂದೇ ಊಟದಲ್ಲಿ ಪಿಷ್ಟ ಮೂರು ಸಲ. 40 ಗ್ರಾಂ ಹಿಟ್ಟಿನ ಜೋಳದ ರೊಟ್ಟಿ ಒಂದಕ್ಕೆ ಸುಮಾರು 135 ಕ್ಯಾಲೊರಿ, ಅದಕ್ಕೆ ಎಣ್ಣೆ ಬೇಡ ಅನ್ನುವುದೇ ಅದರ ದೊಡ್ಡಗುಣ. ಬೆಂದ ಅನ್ನ 100 ಗ್ರಾಂಗೆ 130ರ ಆಸುಪಾಸು. ಎರಡು ರೊಟ್ಟಿ ತಿಂದವರಿಗೆ ಅನ್ನ ಒಂದೇ ಸೌಟು, ಮಜ್ಜಿಗೆಯನ್ನು ಲೋಟದಲ್ಲಿ ಕುಡಿದುಬಿಡಿ. ಚಿತ್ರದುರ್ಗದ ಕಡೆ ಮುದ್ದೆ ಉಣ್ಣುವವರಿಗೂ ಇದೇ ಮಾತು: 75 ಗ್ರಾಂ ಹಿಟ್ಟಿನ ಮುದ್ದೆ ಸುಮಾರು 250 ಕ್ಯಾಲೊರಿ, ಅದರ ಮೇಲೆ ಅನ್ನ ಬೇಡ. ತಟ್ಟೆಯ ಅರ್ಧ ಸೊಪ್ಪು, ತರಕಾರಿ, ಕೋಸಂಬರಿ ಇರಲಿ. ಕಾಲು ಭಾಗ ಕಾಳು. ರೊಟ್ಟಿ ಜೊತೆ ಹಸಿ ಮೆಂತೆಸೊಪ್ಪು, ಮೂಲಂಗಿ, ಸೌತೆ ಕಡಿಯುವ ರೂಢಿ ನಮ್ಮಲ್ಲೇ ಇದೆ, ಅದನ್ನು ಮೊದಲು ತಿನ್ನಿ. ಸೇಂಗಾ ಚಟ್ನಿಪುಡಿ ಒಳ್ಳೆಯದೇ, ಆದರೆ ಸೇಂಗಾದಲ್ಲಿ ಅರ್ಧದಷ್ಟು ಎಣ್ಣೆ. ಒಂದು ಚಮಚ ಸಾಕು, ಅದಕ್ಕೆ ಮತ್ತೆ ಎಣ್ಣೆ ಕಲಸಬೇಡಿ.

ಸಿರಿಧಾನ್ಯದ ಬಗ್ಗೆ ಒಂದು ಮಾತು ಖಂಡಿತವಾಗಿ ಹೇಳಬೇಕು. ನವಣೆ, ಸಾವೆ ಇವುಗಳ ಕ್ಯಾಲೊರಿ ಅಕ್ಕಿಯಷ್ಟೇ, 100 ಗ್ರಾಂಗೆ 330ರಿಂದ 350. ನಾರು ಜಾಸ್ತಿ ಇರುವುದರಿಂದ ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ, ಲಾಭ ಅದು. ಸಿರಿಧಾನ್ಯ ತಾನೇ ಅಂತ ಎರಡರಷ್ಟು ಬಡಿಸಿಕೊಂಡರೆ ತೂಕ ಏರುತ್ತದೆ. ತೀರಾ ಪಾಲಿಷ್ ಆದದ್ದು ಕೊಂಡರೆ ಆ ನಾರೂ ಇಲ್ಲ.

ಪ್ರೋಟೀನು ಕಡಿಮೆಯಾದರೆ ತೂಕದ ಜೊತೆ ಮಾಂಸಖಂಡವೂ ಕರಗುತ್ತದೆ, ಸುಸ್ತು ಬರುತ್ತದೆ. ದಿನಕ್ಕೆ ದೇಹತೂಕದ ಕೆ.ಜಿ.ಗೆ 0.83 ಗ್ರಾಂ ಬೇಕು, 60 ಕೆ.ಜಿ.ಯವರಿಗೆ 50 ಗ್ರಾಂ. ಹುರುಳಿ, ಹೆಸರು, ತೊಗರಿಬೇಳೆ ಒಣಗಿದ್ದು 100 ಗ್ರಾಂಗೆ 22ರಿಂದ 24 ಗ್ರಾಂ, ಒಂದು ಮೊಟ್ಟೆ 6 ಗ್ರಾಂ, ದೊಡ್ಡ ಲೋಟ ಹಾಲು ಅಷ್ಟೇ. ಸಾರಿನ ತಿಳಿ ಮಾತ್ರ ಉಂಡರೆ ಇದು ಸಿಗುವುದಿಲ್ಲ, ತಳದ ಕಾಳು ತಟ್ಟೆಗೆ ಬರಬೇಕು. ಒಪ್ಪತ್ತಿನ ದಿನ ಸಬ್ಬಕ್ಕಿ ಉಪ್ಪಿಟ್ಟು ತಿನ್ನುವವರು ತಿಳಿಯಿರಿ: ಸಬ್ಬಕ್ಕಿ ಬಹುಪಾಲು ಬರೀ ಪಿಷ್ಟ. ಹಣ್ಣು, ಹಾಲು, ನೆನೆಸಿದ ಸೇಂಗಾ ಒಂದು ಹಿಡಿ ಎಷ್ಟೋ ಮೇಲು.

ಕುಡಿಯುವುದರಲ್ಲಿ ಟೀ ಸಕ್ಕರೆಯೇ ಕಳ್ಳ. ಒಂದು ಚಮಚಕ್ಕೆ 20 ಕ್ಯಾಲೊರಿ. ಎರಡು ಚಮಚದ ಟೀ ಐದು ಸಲ ಆದರೆ 200. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಸಕ್ಕರೆಯೊಳಗೆ ಇದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ, ಆ ಐದು ಟೀಯಲ್ಲೇ 50 ಗ್ರಾಂ. ಬೆಲ್ಲಕ್ಕೆ ಬದಲಾಯಿಸಿದರೆ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಿಗೆ ಒಗ್ಗುತ್ತದೆ. ಹೋಟೆಲಲ್ಲಿ ಬೈಟು ಹೇಳಿ. ಬೇಸಿಗೆಯಲ್ಲಿ ಒಂದು ಪಾಲು ಮೊಸರಿಗೆ ನಾಲ್ಕು ಪಾಲು ನೀರಿನ ಮಜ್ಜಿಗೆಯಂಥ ಪಾನೀಯ ಬೇರೆ ಇಲ್ಲ, ಉಪ್ಪು ಚಿಟಿಕೆ ಮಾತ್ರ. ಬಿಸಿನೀರು-ಜೇನು-ನಿಂಬೆ ಕೊಬ್ಬು ಕರಗಿಸುವುದಿಲ್ಲ. ದೊಡ್ಡ ಚಮಚ ಜೇನು 60 ಕ್ಯಾಲೊರಿ ಸೇರಿಸುತ್ತದೆ ಅಷ್ಟೇ.

ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಸರಿಯಾದ ವೇಗ. ಮೊದಲ ವಾರ ಎರಡು ಕೆ.ಜಿ. ಇಳಿದರೆ ಅದರಲ್ಲಿ ಹೆಚ್ಚಿನದು ನೀರು, ಮೂರನೇ ವಾರ ಮುಳ್ಳು ಅಲ್ಲಾಡದಿದ್ದಾಗ ಕೈಬಿಡಬೇಡಿ. ವಾರಕ್ಕೊಮ್ಮೆ, ಬೆಳಿಗ್ಗೆ ಶೌಚವಾದ ಮೇಲೆ, ಏನೂ ತಿನ್ನುವ ಮುಂಚೆ ತೂಗಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಹಿಡಿದು, ಉಸಿರು ಬಿಟ್ಟು ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80ರ ಒಳಗಿರಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಏಕಾಏಕಿ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು. ಅಂಥವರು, ಮತ್ತೆ ಬಸುರಿಯರು, ಬಾಣಂತಿಯರು, ಕಿಡ್ನಿ ತೊಂದರೆ ಇರುವವರು ಅಳತೆ ಬದಲಿಸುವ ಮುಂಚೆಯೇ ತಮ್ಮ ಡಾಕ್ಟರನ್ನು ಕೇಳಬೇಕು.