ಕುದುರೆ ಕೆಲಸದಲ್ಲಿ ಬಹಳ ವರ್ಷ ಉಳಿಯಬೇಕೆಂದರೆ

ಕುದುರೆ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರಿಗೆ ಇರುವುದು ಸವಾರಿಯ ಆಸೆ. ನನಗೂ ಅದೇ ಇತ್ತು. ಬಹಳ ವರ್ಷ ಸವಾರಿ ಮಾಡಿಯೇ ಸಂಬಳ ತೆಗೆದುಕೊಂಡೆ, ಈಗಲೂ ಬೆಳಗ್ಗೆ ಜೀನು ಬಿಗಿದು ಹೊರಟರೆ ಮನಸ್ಸು ಅರಳುತ್ತದೆ. ಆದರೆ ಸವಾರಿ ಒಂದನ್ನೇ ನಂಬಿಕೊಂಡಿದ್ದರೆ ನಾನು ಇಷ್ಟು ಕಾಲ ಇಲ್ಲಿ ಇರುತ್ತಿರಲಿಲ್ಲ. ಲಾಯ ಗುಡಿಸಿದ್ದೇನೆ, ಕುದುರೆಗಳಿಂದ ಮರಿ ಮಾಡಿಸಿ ಬೆಳೆಸುವ ಸ್ಟಡ್ ಫಾರ್ಮಿನಲ್ಲಿ ರಾತ್ರಿಯೆಲ್ಲ ಗಬ್ಬದ ಕುದುರೆಗಳನ್ನು ಕಾಯ್ದಿದ್ದೇನೆ, ಲಾಳ ಕಟ್ಟುವವರ ಹಿಂದೆ ಅವರ ಪೆಟ್ಟಿಗೆ ಹೊತ್ತು ತಿರುಗಿದ್ದೇನೆ, ಸರಿಯಾಗಿ ನಡೆಯಲಾಗದ ಮಕ್ಕಳನ್ನು ಕುದುರೆ ಮೇಲೆ ಕೂರಿಸಿ ಪಕ್ಕದಲ್ಲಿ ಹೆಜ್ಜೆ ಹಾಕಿದ್ದೇನೆ. ಇವೆಲ್ಲ ಸೇರಿಯೇ ಒಂದು ಉದ್ಯೋಗ ಆಯಿತು.

ಒಂದೇ ಕೆಲಸ ಯಾಕೆ ಸಾಲದು? ಒಂದು ದೊಡ್ಡ ಕುದುರೆ 450ರಿಂದ 550 ಕೆಜಿ ತೂಗುತ್ತದೆ. ದಿನವೂ ಅಂಥ ಪ್ರಾಣಿಯ ಮೇಲೆ ಕೂತು, ಆಗಾಗ ಬಿದ್ದು, ಅದರ ಕಾಲೆತ್ತಿ, ಮೂಟೆ ಹೊತ್ತು ಇಪ್ಪತ್ತು ವರ್ಷ ಕಳೆದವರ ಬೆನ್ನು, ಮಂಡಿ ಹೇಗಿರುತ್ತದೆ ನೋಡಿ. ಸವಾರಿ ಬಿಟ್ಟು ಬೇರೇನೂ ಗೊತ್ತಿಲ್ಲದವರ ಸೊಂಟಕ್ಕೆ ಒಂದು ದಿನ ಪೆಟ್ಟು ಬಿದ್ದರೆ, ಅವತ್ತೇ ಆದಾಯವೂ ನಿಂತುಹೋಗುತ್ತದೆ. ಒಳ್ಳೆಯ ಸವಾರರು, ಕುದುರೆಯನ್ನು ಜೀವದಂತೆ ಕಂಡವರು, ಹೀಗೆ ಈ ಕೆಲಸವನ್ನೇ ಬಿಟ್ಟುಹೋದದ್ದನ್ನು ನೋಡಿದ್ದೇನೆ. ಅವರು ಕಲಿತದ್ದೆಲ್ಲ ಅವರ ಜೊತೆಗೇ ಹೋಯಿತಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಶುರು ಮಾಡುವುದು ಲಾಯದಿಂದಲೇ ಆಗಲಿ. ಬೇರೆ ದಾರಿ ಇಲ್ಲ ಅಂತ ಹೇಳುತ್ತಿಲ್ಲ. ಮುಂದೆ ಯಾವ ಕೆಲಸಕ್ಕೆ ಹೋದರೂ ಬೇಕಾಗುವ ಕಣ್ಣು ಅಲ್ಲಿಯೇ ಬರುವುದು. ಬೆಳಗ್ಗೆ ಬಾಗಿಲು ತೆರೆದಾಗ ಕುದುರೆ ಹೇಗೆ ನಿಂತಿದೆ, ರಾತ್ರಿ ಹಾಕಿದ ಹುಲ್ಲು ಎಷ್ಟು ಉಳಿದಿದೆ, ಎಷ್ಟು ನೀರು ಕುಡಿದಿದೆ, ಲದ್ದಿ ಎಷ್ಟಿದೆ, ಗಟ್ಟಿಯಾಗಿದೆಯಾ ನೀರಾಗಿದೆಯಾ, ಕಾಲುಗಳಲ್ಲಿ ಎಲ್ಲಾದರೂ ಬಿಸಿ ಇದೆಯಾ. ಇಷ್ಟನ್ನೂ ಒಳಗೆ ಕಾಲಿಡುವ ಹೊತ್ತಿಗೇ ನೋಡಿ ಮುಗಿಸುವ ಅಭ್ಯಾಸ ಬೇಕು. ಲದ್ದಿ ಎತ್ತುವುದನ್ನು ಕೀಳು ಕೆಲಸ ಅಂದುಕೊಳ್ಳುವವರು ಕುದುರೆಯ ಆರೋಗ್ಯದ ಅರ್ಧ ಸುದ್ದಿಯನ್ನು ಓದದೆಯೇ ಗಾಡಿಗೆ ತುಂಬುತ್ತಿರುತ್ತಾರೆ.

ಕುದುರೆಯ ಹೊಟ್ಟೆಯ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅದರ ಜಠರ ದೇಹಕ್ಕೆ ಹೋಲಿಸಿದರೆ ತುಂಬಾ ಚಿಕ್ಕದು. ಸ್ವಲ್ಪ ಸ್ವಲ್ಪವಾಗಿ, ದಿನದ ಹೆಚ್ಚು ಹೊತ್ತು ಮೇಯುತ್ತಲೇ ಇರುವುದಕ್ಕೆ ಆಗಿರುವ ಪ್ರಾಣಿ ಅದು. ದಿನಕ್ಕೆ ತನ್ನ ತೂಕದ ಶೇಕಡಾ 1.5ರಿಂದ 2ರಷ್ಟು ಒಣ ಮೇವು ಬೇಕು. ಅಂದರೆ 500 ಕೆಜಿಯ ಕುದುರೆಗೆ ಏಳೂವರೆಯಿಂದ ಹತ್ತು ಕೆಜಿ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಒಗ್ಗದಿದ್ದರೂ, ಕರುಳಿನಲ್ಲಿ ಗಾಳಿ ತುಂಬಿದರೂ ಮೇಲಿನಿಂದ ಹೊರಬರುವ ದಾರಿ ಇಲ್ಲ. ಹಾಗಾಗಿ ಕೋಲಿಕ್ ಅನ್ನುವ ಹೊಟ್ಟೆನೋವು ಕೆಲವೇ ಗಂಟೆಗಳಲ್ಲಿ ಜೀವಕ್ಕೇ ಕುತ್ತು ತರಬಹುದು. ಪಕ್ಕೆಯ ಕಡೆ ತಿರುತಿರುಗಿ ನೋಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಮಲಗಿ ಎದ್ದು ಮಾಡುವುದು, ಮೇವು ಬಿಡುವುದು. ಇವನ್ನು ಮೊದಲು ಗುರುತಿಸುವುದು ಲಾಯದಲ್ಲಿ ಇರುವವರೇ ಹೊರತು ಡಾಕ್ಟರ್ ಅಲ್ಲ, ಅವರು ಬರುವುದೇ ನೀವು ಫೋನ್ ಮಾಡಿದ ಮೇಲೆ ಅಲ್ವಾ. ಫೋನ್ ಮಾಡಿದಾಗ ಸುಮ್ನೆ "ಕುದುರೆಗೆ ಹುಷಾರಿಲ್ಲ" ಅನ್ನುವುದಕ್ಕೂ, ಜ್ವರ ಎಷ್ಟು, ನಾಡಿ ಎಷ್ಟು, ಹೊಟ್ಟೆಯ ಎರಡೂ ಬದಿಯಲ್ಲಿ ಕರುಳಿನ ಸದ್ದು ಕೇಳುತ್ತಿದೆಯಾ ಇಲ್ಲವಾ ಅಂತ ಹೇಳುವುದಕ್ಕೂ ತುಂಬಾ ವ್ಯತ್ಯಾಸವಿದೆ. ಸುಮ್ಮನೆ ನಿಂತಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಬಿಸಿ 37.5 ಡಿಗ್ರಿ ಸೆಲ್ಸಿಯಸ್‌ನಿಂದ 38.5ರ ಒಳಗೆ. ಈ ಅಂಕಿಗಳನ್ನು ಬಾಯಿಪಾಠ ಮಾಡಿ. ಅದಕ್ಕಿಂತ ಮುಖ್ಯವಾಗಿ, ನೀವು ನೋಡಿಕೊಳ್ಳುವ ಪ್ರತಿ ಕುದುರೆಗೂ ಅದು ಚೆನ್ನಾಗಿದ್ದಾಗ ಎಷ್ಟಿರುತ್ತದೆ ಅಂತ ಬರೆದಿಟ್ಟುಕೊಳ್ಳಿ.

ಲಾಯದಲ್ಲಿ ಕಲಿಯುವ ಇನ್ನೊಂದು ವಿಷಯ ನಮ್ಮ ಮೈಯನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನುವುದು. ಕುದುರೆಗೆ ಸುತ್ತಲೂ ಹೆಚ್ಚುಕಡಿಮೆ 350 ಡಿಗ್ರಿ ಕಾಣುತ್ತದೆ. ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಹಾಗಾಗಿಯೇ ಭುಜದ ಕಡೆಯಿಂದ ಹತ್ತಿರ ಹೋಗಬೇಕು, ಹಿಂದೆ ಹೋಗುವಾಗ ಮಾತಾಡುತ್ತಾ ಮೈ ಮೇಲೆ ಕೈ ಇಟ್ಟುಕೊಂಡು ಹೋಗಬೇಕು ಅನ್ನುವುದು. ನಾವು ಗಮನಿಸದೇ ಮಾಡುವ ಸಣ್ಣ ಸನ್ನೆಯನ್ನೂ ಅದು ಓದುತ್ತದೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಜರ್ಮನಿಯಲ್ಲಿ ಹಾನ್ಸ್ ಅನ್ನುವ ಕುದುರೆ ಗೊರಸು ತಟ್ಟಿ ಲೆಕ್ಕ ಹೇಳುತ್ತದೆ ಅಂತ ದೊಡ್ಡ ಸುದ್ದಿಯಾಗಿತ್ತು. 1907ರಲ್ಲಿ ಆಸ್ಕರ್ ಫಂಗ್ಸ್ಟ್ ಎಂಬುವರು ಪರೀಕ್ಷೆ ಮಾಡಿ ನೋಡಿದಾಗ ಗೊತ್ತಾದದ್ದು, ಸರಿ ಉತ್ತರ ಬರುವ ಹೊತ್ತಿಗೆ ಪ್ರಶ್ನೆ ಕೇಳಿದವರ ತಲೆ, ಮುಖ ತಮಗೇ ತಿಳಿಯದಂತೆ ಸ್ವಲ್ಪ ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಜನ ಇದನ್ನು ಮೋಸ ಬಯಲಾದ ಕಥೆ ಅಂತ ಹೇಳುತ್ತಾರೆ. ನನಗಂತೂ ಲೆಕ್ಕ ಮಾಡುವುದಕ್ಕಿಂತ ಇದೇ ದೊಡ್ಡ ಬುದ್ಧಿ ಅನ್ನಿಸುತ್ತದೆ. ನೀವು ಹೆದರಿಕೊಂಡು, ಅಥವಾ ಮನೆಯ ಸಿಟ್ಟನ್ನು ಹೊತ್ತುಕೊಂಡು ಲಾಯಕ್ಕೆ ಹೋದರೆ ನೀವು ಹಗ್ಗ ಹಿಡಿಯುವ ಮೊದಲೇ ಅದಕ್ಕೆ ಗೊತ್ತಾಗಿರುತ್ತದೆ.

ಇನ್ನು ಸ್ಟಡ್ ಫಾರ್ಮ್. ಒಂದು ಋತುವಾದರೂ ಅಲ್ಲಿ ಕೆಲಸ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕುದುರೆ ಗಬ್ಬ ಹೊರುವುದು ಸುಮಾರು 340 ದಿನ. ಮರಿ ಹಾಕುವುದು ಬಹುಪಾಲು ರಾತ್ರಿ ಹೊತ್ತು, ಸುತ್ತಮುತ್ತ ಎಲ್ಲ ಸದ್ದಡಗಿದ ಮೇಲೆ. ಕೆಚ್ಚಲು ತುಂಬಿ, ತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಟ್ಟಿದರೆ ಅವತ್ತು ನಿದ್ದೆ ಇಲ್ಲ ಅಂತಲೇ ಲೆಕ್ಕ. ನೀರು ಒಡೆದ ಮೇಲೆ ಎಲ್ಲ ಸರಿಯಾಗಿದ್ದರೆ ಅರ್ಧ ಗಂಟೆಯೊಳಗೆ ಮರಿ ಹೊರಗೆ ಬಂದಿರುತ್ತದೆ. ತಡವಾದರೆ ಕಾಯುವ ಮಾತೇ ಇಲ್ಲ, ಡಾಕ್ಟರಿಗೆ ಕರೆ. ಆಮೇಲೆ ಒಂದು, ಎರಡು, ಮೂರರ ಲೆಕ್ಕ: ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಗೆ ಮಾಸು ಬೀಳಬೇಕು. ಬಿದ್ದ ಮಾಸನ್ನು ನೆಲದ ಮೇಲೆ ಹರಡಿ ಪೂರ್ತಿ ಬಂದಿದೆಯಾ ಅಂತ ನೋಡಬೇಕು, ಚೂರು ಒಳಗೆ ಉಳಿದರೂ ತಾಯಿಗೆ ನಂಜಾಗುತ್ತದೆ. ಗಿಣ್ಣು ಹಾಲಿನ ವಿಷಯದಲ್ಲಿ ಉದಾಸೀನ ಸಲ್ಲದು. ಗರ್ಭದಲ್ಲಿರುವಾಗ ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ದಾಟುವುದಿಲ್ಲ. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಕುಡಿದ ಗಿಣ್ಣಿನಿಂದಲೇ ಅದು ಸಿಗಬೇಕು. ಕಾಲುಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತೂರಾಡುತ್ತಾ ತಾಯಿಯ ಕೆಚ್ಚಲು ಹುಡುಕುವ ಮರಿಯನ್ನು ನೋಡುತ್ತಾ, ಕೈ ಹಾಕದೆ ಸುಮ್ಮನೆ ನಿಲ್ಲುವುದನ್ನು ಕಲಿಯುತ್ತೀರಲ್ಲ, ಆ ತಾಳ್ಮೆಯನ್ನು ಬೇರೆ ಯಾವ ಕೆಲಸವೂ ಅಷ್ಟು ಚೆನ್ನಾಗಿ ಕಲಿಸುವುದಿಲ್ಲ.

ಇಲ್ಲಿಯೇ ನನಗೆ ಉದ್ಯೋಗದ ಲೆಕ್ಕಾಚಾರವೂ ಅರ್ಥವಾದದ್ದು. ಸ್ಟಡ್ ಕೆಲಸ ಋತುವಿನ ಕೆಲಸ. ಹೆಣ್ಣು ಕುದುರೆ ಹಗಲು ಉದ್ದವಾಗುವ ಕಾಲದಲ್ಲಿ ಬೆದೆಗೆ ಬರುತ್ತದೆ. ರೇಸಿಗೆಂದೇ ಬೆಳೆಸುವ ಥರೋಬ್ರೆಡ್ ತಳಿಯ ಕುದುರೆ‌ಗಳಿಗೆ ಭೂಮಿಯ ಉತ್ತರಾರ್ಧದಲ್ಲಿ ಜನವರಿ 1, ದಕ್ಷಿಣಾರ್ಧದಲ್ಲಿ ಆಗಸ್ಟ್ 1 ಎಲ್ಲಕ್ಕೂ ಒಂದೇ ಹುಟ್ಟಿದ ದಿನ ಅಂತ ಲೆಕ್ಕ, ಆದ್ದರಿಂದ ಮರಿ ಆ ದಿನದ ನಂತರ ಬೇಗ ಹುಟ್ಟಲಿ ಅಂತ ಚಳಿಗಾಲದಲ್ಲೇ ಲಾಯಕ್ಕೆ ದೀಪ ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ. ಆ ಕೆಲವು ತಿಂಗಳು ಕೈತುಂಬ ಕೆಲಸ, ಆಮೇಲೆ ಅಷ್ಟು ಜನ ಬೇಕಾಗುವುದಿಲ್ಲ. ಆ ಖಾಲಿ ತಿಂಗಳುಗಳಲ್ಲಿ ಎಳೆ ಕುದುರೆಗಳನ್ನು ಪಳಗಿಸುವ ಕಡೆ, ಮಾರಾಟಕ್ಕೆ ಸಿದ್ಧ ಮಾಡುವ ಕಡೆ, ಸವಾರಿ ಶಾಲೆಗಳಲ್ಲಿ ಕೆಲಸ ಇರುತ್ತದೆ. ಒಂದರ ಬಿಡುವು ಇನ್ನೊಂದರ ಸುಗ್ಗಿ ಆಗುವ ಹಾಗೆ ಕೆಲಸ ಆರಿಸಿಕೊಂಡರೆ ವರ್ಷಪೂರ್ತಿ ಆದಾಯ, ಜೊತೆಗೆ ಎರಡು ಕಡೆಯ ಅನುಭವ.

ಲಾಳ ಕಟ್ಟುವುದನ್ನು ಪೂರ್ತಿ ವೃತ್ತಿಯಾಗಿ ಮಾಡಿಕೊಳ್ಳುವುದು ಸುಲಭವಲ್ಲ, ವರ್ಷಗಟ್ಟಲೆ ಒಬ್ಬರ ಕೈಕೆಳಗೆ ಕಲಿಯಬೇಕು. ಆದರೆ ಕೆಲಸಕ್ಕೆ ಎಂದೂ ಬರವಿಲ್ಲ. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ, ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸಮ ಮಾಡಲೇಬೇಕು, ಲಾಳ ಇರಲಿ ಇಲ್ಲದಿರಲಿ. ನಾನು ಸಹಾಯಕನಾಗಿ ಇದ್ದುಕೊಂಡೇ ಕಲಿತದ್ದು ಸಾಕಷ್ಟು. ಕುದುರೆ ಹೇಗೆ ಹೆಜ್ಜೆ ಇಡುತ್ತದೆ, ಗೊರಸಿನ ಯಾವ ಬದಿ ಜಾಸ್ತಿ ಸವೆದಿದೆ, ಎಲ್ಲಿ ಬಿಸಿ ಇದೆ. ಗಟ್ಟಿ ನೆಲದ ಮೇಲೆ ಟ್ರಾಟ್, ಅಂದರೆ ನಡಿಗೆಗಿಂತ ವೇಗದ ಕುಲುಕು ಓಟ, ಮಾಡಿಸಿದಾಗ ನೋಯುವ ಮುಂಗಾಲು ನೆಲ ಮುಟ್ಟುವಾಗ ತಲೆ ಮೇಲೆ ಹೋಗುತ್ತದೆ, ಚೆನ್ನಾಗಿರುವ ಕಾಲು ಮುಟ್ಟುವಾಗ ಕೆಳಗೆ ಬರುತ್ತದೆ. ಇದು ಒಮ್ಮೆ ಕಣ್ಣಿಗೆ ಹತ್ತಿದರೆ ಆಮೇಲೆ ಯಾವ ಕುದುರೆ ನೋಡಿದರೂ ಕಾಣುತ್ತದೆ. ಕೊಳ್ಳುವವರು, ಮಾರುವವರು, ತರಬೇತಿ ಕೊಡುವವರು ಎಲ್ಲರಿಗೂ ಈ ಕಣ್ಣು ಬೇಕು, ಅದಕ್ಕೆ ಬೆಲೆಯೂ ಇದೆ.

ಈಗ ನಾನು ಹೆಚ್ಚು ಹೊತ್ತು ಕೊಡುತ್ತಿರುವುದು ಚಿಕಿತ್ಸೆಗಾಗಿ ಮಾಡಿಸುವ ಸವಾರಿಗೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರಿಗೆ 1944ರಲ್ಲಿ ಪೋಲಿಯೊ ಬಂದು ಮಂಡಿಯಿಂದ ಕೆಳಗೆ ಸ್ವಾಧೀನ ಹೋಯಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಕುದುರೆಯಿಂದ ಗೊತ್ತುಮಾಡಿದ ನಡೆಗಳನ್ನು ಮಾಡಿಸಿ ತೋರಿಸುವ ಡ್ರೆಸಾಜ್ ಪಂದ್ಯಕ್ಕೆ ಹೆಂಗಸರನ್ನು ಮೊದಲ ಸಲ ಸೇರಿಸಿಕೊಂಡಾಗಲೇ, ಅವರು ಗಂಡಸರ ಜೊತೆ ಸೆಣಸಿ ಬೆಳ್ಳಿ ಪದಕ ಗೆದ್ದರು. ಕುದುರೆ ಹತ್ತುವುದಕ್ಕೂ ಇಳಿಯುವುದಕ್ಕೂ ಅವರಿಗೆ ಬೇರೆಯವರ ಆಸರೆ ಬೇಕಿತ್ತು. ಚಿಕಿತ್ಸೆಯ ಸವಾರಿ ಬೆಳೆಯಲು ಅವರ ಗೆಲುವು ದೊಡ್ಡ ಪ್ರೇರಣೆ. ಕುದುರೆ ನಿಧಾನವಾಗಿ ನಡೆಯುವಾಗ ಮೇಲೆ ಕೂತವರ ಸೊಂಟ ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಅಲುಗುವ ರೀತಿ ನಾವು ನಡೆಯುವಾಗಿನ ರೀತಿಗೆ ಬಹಳ ಹತ್ತಿರ. ತಾನಾಗಿ ಎಂದೂ ನಡೆಯದ ಮಗುವಿನ ಮೈಗೆ ನಡಿಗೆಯ ಲಯ ಸಿಗುತ್ತದೆ. ಅದರ ಹಿಂದೆ ಫಿಸಿಯೋಥೆರಪಿಸ್ಟ್‌ಗಳ ಲೆಕ್ಕಾಚಾರ ಇರುತ್ತದೆ, ನಮ್ಮ ಕೆಲಸ ಅವರಿಗೆ ಬೇಕಾದ ಕುದುರೆಯನ್ನು ಕೊಡುವುದು. ವಯಸ್ಸಾದ, ಸೋತ ಕುದುರೆ ಆದರೆ ಸಾಕು ಅನ್ನುವವರನ್ನು ನಾನು ಒಪ್ಪುವುದಿಲ್ಲ. ಕುಂಟುವ ಕುದುರೆಯ ಹೆಜ್ಜೆ ಮಗುವಿನ ಸೊಂಟಕ್ಕೂ ಅದೇ ಓರೆಯನ್ನು ಕಲಿಸುತ್ತದೆ. ಹೆಜ್ಜೆ ಸಮ ಇರಬೇಕು, ಗಾಲಿಕುರ್ಚಿ ಕಂಡರೆ, ಮಗು ಥಟ್ಟನೆ ಕಿರುಚಿದರೆ ಬೆಚ್ಚಬಾರದು, ಇಬ್ಬರು ಎರಡು ಪಕ್ಕದಲ್ಲಿ ಒತ್ತಿಕೊಂಡು ನಡೆದರೂ ಸಹಿಸಬೇಕು. ಹೀಗೆ ಕುದುರೆ ಆರಿಸಲು ಕೂತಾಗ ನನ್ನ ನೆರವಿಗೆ ಬರುವುದು ಲಾಳದ ಪೆಟ್ಟಿಗೆ ಹೊತ್ತ ದಿನಗಳು, ಎಳೆ ಕುದುರೆ ಪಳಗಿಸಿದ ದಿನಗಳು. ಸವಾರಿಯ ಪದಕ ಯಾರೂ ಕೇಳುವುದಿಲ್ಲ.

ಬೇರೆ ದಾರಿಗಳೂ ಇವೆ. ಕುದುರೆ ಹಲ್ಲು ಅರ ಹಾಕಿ ಸಮ ಮಾಡುವವರು, ಜೀನು ಅಳತೆ ನೋಡಿ ಹೊಂದಿಸುವವರು, ಕುದುರೆ ಸಾಗಿಸುವ ಲಾರಿ ಓಡಿಸುವವರು, ಪಂದ್ಯದ ತೀರ್ಪುಗಾರರು, ರೇಸು ಮುಗಿಸಿದ ಕುದುರೆಗಳಿಗೆ ಹೊಸ ಕೆಲಸ ಕಲಿಸುವವರು. ಪ್ರಥಮ ಚಿಕಿತ್ಸೆ ಮತ್ತು ದೊಡ್ಡ ವಾಹನದ ಲೈಸೆನ್ಸ್ ಇದ್ದರೆ ಎಲ್ಲಿ ಹೋದರೂ ಎರಡು ಮಾತಿಲ್ಲದೆ ತೆಗೆದುಕೊಳ್ಳುತ್ತಾರೆ.

ದುಡ್ಡಿನ ಮಾತು. ಕುದುರೆ ಮೇಲಿನ ಪ್ರೀತಿಯನ್ನು ಬಳಸಿಕೊಂಡು ಬಿಟ್ಟಿ ಕೆಲಸ ಮಾಡಿಸುವವರು ಎಲ್ಲ ಕಡೆ ಇದ್ದಾರೆ. ಕಲಿಯುವುದಕ್ಕಾಗಿ ಸ್ವಲ್ಪ ಕಾಲ ಕಡಿಮೆ ಸಂಬಳಕ್ಕೆ ದುಡಿಯಬಹುದು, ಆದರೆ ಯಾರು ಕಲಿಸುತ್ತಾರೆ, ಏನು ಕಲಿಸುತ್ತಾರೆ, ಎಷ್ಟು ದಿನ ಅಂತ ಮೊದಲೇ ಬರೆಸಿಕೊಳ್ಳಿ. ಹೊಸದೇನೂ ಸಿಗದೆ ಅದೇ ಬುಟ್ಟಿ, ಅದೇ ಪೊರಕೆ ಅಂತಾದರೆ ಸಂಬಳ ಕೇಳಿ, ಕೊಡದಿದ್ದರೆ ಹೊರಡಿ. ಅಪಘಾತ ವಿಮೆ ಇಲ್ಲದೆ ಕುದುರೆ ಹತ್ತಬೇಡಿ. ಮಾಲೀಕರು ಕೊಟ್ಟ ಮನೆಯಲ್ಲಿ ಇದ್ದರೆ, ಕೆಲಸ ಬಿಟ್ಟ ದಿನ ಮನೆಯೂ ಹೋಗುತ್ತದೆ ಅನ್ನುವುದು ನೆನಪಿರಲಿ, ಅದಕ್ಕಾಗಿ ಒಂದಿಷ್ಟು ಹಣ ಬದಿಗಿಡಿ. ಬಿಡುವಾಗ ಚೆನ್ನಾಗಿ ಹೇಳಿ, ಕೆಲಸ ಒಪ್ಪಿಸಿ ಹೋಗಿ. ಈ ಲೋಕ ಚಿಕ್ಕದು, ನನ್ನ ಮುಂದಿನ ಕೆಲಸಗಳೆಲ್ಲ ಹಿಂದಿನ ಮಾಲೀಕರ ಒಂದು ಫೋನಿನಿಂದಲೇ ಸಿಕ್ಕವು.

ಹೊಸ ಜಾಗಕ್ಕೆ ಕೆಲಸ ಕೇಳಿಕೊಂಡು ಹೋದಾಗ ಆಫೀಸಿನಲ್ಲಿ ಕೂರುವ ಮೊದಲು ಲಾಯ ಸುತ್ತಿ ಬರಲು ಅನುಮತಿ ಕೇಳಿ. ನೀರಿನ ಬಕೆಟ್ ತೊಳೆದಿದ್ದಾರಾ, ಗೊರಸುಗಳು ಉದ್ದ ಬೆಳೆದಿವೆಯಾ, ಮನುಷ್ಯರು ಹತ್ತಿರ ಬಂದರೆ ಕುದುರೆಗಳು ಮುಂದೆ ಬರುತ್ತವಾ ಅಥವಾ ಕಿವಿ ಹಿಂದಕ್ಕೆ ಮಾಡಿ ಮೂಲೆ ಸೇರುತ್ತವಾ ನೋಡಿ. ಅಲ್ಲಿ ಕೆಲಸ ಮಾಡುವವರನ್ನು ಎಷ್ಟು ವರ್ಷದಿಂದ ಇದ್ದೀರಿ ಅಂತ ಕೇಳಿ. ಆಮೇಲೆ ಮಾಲೀಕರ ಹತ್ತಿರ, ಹೋದ ವರ್ಷ ಬಿಟ್ಟುಹೋದವರು ಯಾಕೆ ಹೋದರು ಅಂತ ವಿಚಾರಿಸಿ. ಆ ಪ್ರಶ್ನೆಗೆ ಸಿಟ್ಟಾಗದೆ ಉತ್ತರ ಕೊಡುವ ಕಡೆ ಒಂದು ವರ್ಷವಾದರೂ ಇದ್ದು ನೋಡಬಹುದು.