ಬರೆದುಕೊಟ್ಟವರು, ಬರೆಸಿಕೊಂಡವರು

2024 ನವೆಂಬರ್ 17, ಭಾನುವಾರ, ರಾತ್ರಿ 10.40

ಒಗೆದ ಬಟ್ಟೆ ಇನ್ನೂ ಬಕೆಟ್‌ನಲ್ಲೇ ಇದೆ. ಇವತ್ತು ಯಾವ ಕೆಲಸವೂ ಆಗಲಿಲ್ಲ.

ಓನರ್ ಅಂಕಲ್ ಮನೆ ಮಾರುವುದು ಖಾತ್ರಿ ಆಯಿತು. ತಗೊಳ್ಳುವವರ ಲಾಯರ್ ಇ.ಸಿ. ಕೇಳಿದ್ದಾರೆ, ಅಂದರೆ ಮನೆಯ ಮಾರಾಟ, ಅಡಮಾನ ಎಲ್ಲ ನಮೂದಾಗಿರುವ ಋಣಭಾರ ಪತ್ರ. 2004ರ ಏಪ್ರಿಲ್‌ನಿಂದ ಈಚಿನದು ಆನ್‌ಲೈನ್‌ನಲ್ಲೇ ಸಿಗುತ್ತದೆ, ಅದನ್ನು ತೆಗೆದುಕೊಟ್ಟವಳು ನಾನೇ. ನಾವು ಮನೆ ಖಾಲಿ ಮಾಡಬೇಕಾದ ಕಾಗದಕ್ಕೆ ನಾನೇ ಪ್ರಿಂಟ್ ಹಾಕಿದೆ, ನಗಬೇಕೋ ಅಳಬೇಕೋ ಗೊತ್ತಿಲ್ಲ. ಅದಕ್ಕೂ ಹಿಂದಿನದಕ್ಕೆ ಅಂಕಲ್ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅಲೆದು ಕೈಬರಹದ್ದು ತಂದಿದ್ದಾರೆ. ಕಣ್ಣು ಸರಿಯಾಗಿ ಕಾಣಲ್ಲ, "ಓದಿ ಹೇಳಮ್ಮ" ಅಂತ ನಿನ್ನೆ ಕೊಟ್ಟುಹೋದರು.

ಓದಿದೆ. ಅರವತ್ತಮೂರು ವರ್ಷಕ್ಕೆ ನಾಲ್ಕೇ ನಾಲ್ಕು ನಮೂದು. 1961ರಲ್ಲಿ ಅಂಕಲ್ ಅವರಪ್ಪ ಕ್ರಯಕ್ಕೆ ತಗೊಂಡದ್ದು, 1972ರಲ್ಲಿ ಅಡಮಾನ ಇಟ್ಟದ್ದು, 1979ರಲ್ಲಿ ಅದು ತೀರಿದ್ದು, 1998ರಲ್ಲಿ ಹಕ್ಕು ಖುಲಾಸೆ, ಅಂದರೆ ಪಾಲು ಇದ್ದವರು ಅದನ್ನು ಬಿಟ್ಟುಕೊಟ್ಟದ್ದು. ಆಮೇಲೆ ಏನೂ ಇಲ್ಲ. ಒಂದು ಕಡೆ ಬರೆದುಕೊಟ್ಟವರು, ಇನ್ನೊಂದು ಕಡೆ ಬರೆಸಿಕೊಂಡವರು. ತಮಾಷೆ ಅಂದರೆ 1961ರಿಂದ ಈಚೆಗೆ ಈ ಕಾಗದದಲ್ಲಿ ಬರೆಸಿಕೊಂಡವರು ಒಬ್ಬರೂ ಈ ಮನೆಯಲ್ಲಿ ಒಂದು ರಾತ್ರಿ ಮಲಗಿದವರಲ್ಲ. ಇದ್ದವರೆಲ್ಲ ಬಾಡಿಗೆಯವರು. ನಮ್ಮ ಕರಾರು ಯಾವಾಗಲೂ 11 ತಿಂಗಳದ್ದು, ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕಲ್ಲ, ಅದಕ್ಕೇ. ಹಾಗಾಗಿ ನಾವ್ಯಾರೂ ಇದರೊಳಗೆ ಬರುವುದೇ ಇಲ್ಲ.

ಕರೆಂಟ್ ಬಿಲ್ಲಂತೂ ಇವತ್ತಿಗೂ ತೀರಿಕೊಂಡ ಅವರಪ್ಪನ ಹೆಸರಿಗೇ ಬರುತ್ತದೆ. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿಗೆ ಅಂತ ಮೀಟರಿನ ಆರ್.ಆರ್. ನಂಬರಿಗೆ ನನ್ನ ಆಧಾರ್ ಜೋಡಿಸಿದೆನಲ್ಲ, ಈ ಮನೆಗೂ ನನಗೂ ಸರ್ಕಾರದ ಲೆಕ್ಕದಲ್ಲಿ ಇರುವ ಗಂಟು ಅದೊಂದೇ ಇರಬೇಕು. ಬಿಟ್ಟುಹೋಗುವಾಗ ಅದನ್ನೂ ಬಿಡಿಸಬೇಕು.

ಸಂಜೆ ಕಾಗದ ಹಿಡಿದುಕೊಂಡು ಪಕ್ಕದ ಅಜ್ಜಿ ಹತ್ತಿರ ಹೋದೆ. ಅಂಕಲ್ ಅವರ ಅಕ್ಕ, ಗೊತ್ತಲ್ಲ. ಪಕ್ಕದ ಮನೆಗೆ ಸೊಸೆಯಾಗಿ ಬಂದವರು. ಅಪ್ಪನ ಮನೆಯ ಬಾಡಿಗೆ ವಸೂಲಿ ಮಾಡಿ ಮುಟ್ಟಿಸುತ್ತಿದ್ದದ್ದು ಇವರೇ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ಗೋಡೆಯಾಚೆ ಯಾರ ಮನೆಯಲ್ಲಿ ಒಗ್ಗರಣೆ ಬಿತ್ತು, ಯಾರ ಮಗು ಕೆಮ್ಮಿತು ಎಲ್ಲ ಕೇಳಿಸುತ್ತಿತ್ತಂತೆ. ಅದನ್ನು ನಾನು ನಂಬುತ್ತೇನೆ. ಬೆಳಗ್ಗೆ ಅವರ ಮಿಕ್ಸಿ ಸದ್ದಿಗೇ ನನಗೆ ಎಚ್ಚರ ಆಗುವುದು.

ನಮ್ಮದು ಸಾಲುಮನೆ ಅಲ್ವಾ, ಎರಡು ಕಡೆಯ ಗೋಡೆಯೂ ಪಕ್ಕದವರ ಜೊತೆ ಹಂಚಿಕೊಂಡದ್ದೇ. ಗಾಳಿ ಬೆಳಕು ಬಂದರೆ ಮುಂದಿನಿಂದ, ಇಲ್ಲಾ ಹಿತ್ತಲಿನಿಂದ. ನಡುಮನೆಗೆ ಕಿಟಕಿಯೇ ಇಲ್ಲ, ಬೆಳಕಿಂಡಿ ಮಾತ್ರ. ಹನ್ನೊಂದು ಗಂಟೆಗೆ ಅದರಿಂದ ಒಂದು ಚೌಕ ಬಿಸಿಲು ಕೆಂಪು ನೆಲದ ಮೇಲೆ ಬೀಳುತ್ತದೆ, ಮೆಲ್ಲಗೆ ಜರುಗಿ ಗೋಡೆ ಹತ್ತಿ ಹೋಗಿಬಿಡುತ್ತದೆ. ಆ ಚೌಕ ಓಡಾಡುವ ಜಾಗದಲ್ಲಿ ನೆಲದ ಕೆಂಪು ಸ್ವಲ್ಪ ಮಾಸಿದೆ. ಒಂದು ಕಡೆ ಎರಡು ಅಡಿಯಷ್ಟು ಜಾಗ ಮಾತ್ರ ತೀರಾ ಸವೆದು ನುಣ್ಣಗಾಗಿದೆ, ಯಾಕೆ ಅಂತ ಮೂರು ವರ್ಷದಿಂದ ತಲೆಕೆಡಿಸಿಕೊಂಡಿದ್ದೆ.

"ಅದಾ? ಟೈಲರ್ ಕಾಲು" ಅಂದರು ಅಜ್ಜಿ. ಬೆಳಕಿಂಡಿ ಕೆಳಗೇ ಹೊಲಿಗೆ ಮಿಷನ್ ಹಾಕಿಕೊಂಡಿದ್ದನಂತೆ. ಕರೆಂಟ್ ಉಳಿಸೋಕೆ.

ಅಜ್ಜಿಗೆ ಇಸವಿ ನೆನಪಿಲ್ಲ, ಜನ ನೆನಪು. ಮೊದಲು ಬಿನ್ನಿ ಮಿಲ್ಲಿನವರು, ಏಳು ಜನ, ಗಂಡಸರು ಬಂದರೆ ತಲೆಕೂದಲಲ್ಲೆಲ್ಲ ಹತ್ತಿಯ ನವಿರು. ಆಮೇಲೆ ವಾಚಿನವಳು, ಆಮೇಲೆ ಟೈಲರ್, ಆಮೇಲೆ ಶೂ ಹೊರಗೆ ಬಿಡೋ ಹುಡುಗರು (ಐದು ಜನ, ಐದೂ ಕಂಪ್ಯೂಟರ್). ನಡುವೆ ಯಾರೋ ಆರು ತಿಂಗಳಿಗೇ ಹೋದವರು, ಅವರನ್ನು ಅಜ್ಜಿ ಲೆಕ್ಕಕ್ಕೇ ಇಟ್ಟಿಲ್ಲ.

ವಾಚಿನವಳು ಅಂದರೆ ಜಾಲಹಳ್ಳಿಯ ಎಚ್.ಎಂ.ಟಿ. ವಾಚ್ ಫ್ಯಾಕ್ಟರಿಯಲ್ಲಿದ್ದವಳು. ಚಾಮರಾಜಪೇಟೆಯಿಂದ ಜಾಲಹಳ್ಳಿಗೆ ದಿನಾ, ಇನ್ನೂ ಕತ್ತಲೆ ಇರುವಾಗಲೇ ಮನೆ ಬಿಡುತ್ತಿದ್ದಳಂತೆ. ಗಂಡ ಅಷ್ಟಕ್ಕಷ್ಟೇ. 1980ರ ಡಿಸೆಂಬರ್ ಕೊನೆಗೆ ಪಬ್ಲಿಕ್ ಸೆಕ್ಟರ್ ಸ್ಟ್ರೈಕ್ ಶುರುವಾಯಿತಲ್ಲ, ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ. ಎಲ್ಲ ಸೇರಿ 77 ದಿನ ನಡೆದದ್ದು, ಅದರಲ್ಲಿ ಇವಳ ಸಂಬಳ ನಿಂತಿತು.

"ಬಾಡಿಗೆ ಹೇಗೆ ಕೊಟ್ಟಳು ಮತ್ತೆ?"

ಅಜ್ಜಿ ಒಳಗೆ ನೋಡಿ, ಸೊಸೆ ಇಲ್ಲ ಅಂತ ಖಾತ್ರಿ ಮಾಡಿಕೊಂಡರು. ನಗು ಬಂತು ನನಗೆ, ನಲವತ್ತು ವರ್ಷದ ಹಿಂದಿನ ಮಾತು.

"ಎಲ್ಲಿ ಕೊಟ್ಟಳು? ಮೂರು ತಿಂಗಳು ನಾನೇ ಕೊಟ್ಟೆ ಅಪ್ಪನಿಗೆ. ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ನಲ್ಲ, ಅದು. ಅವಳೇ ಕೊಟ್ಟಳು ಅಂದೆ."

"ವಾಪಸ್ ಕೊಟ್ಟಳಾ?"

"ಎರಡು ತಿಂಗಳದ್ದು ಕೊಟ್ಟಳು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದು ತಿಂಗಳದ್ದು ನಾನು ಕೇಳಲಿಲ್ಲ, ಅವಳೂ ಮರೆತಳು. ಮರೆತಿರಲಿಕ್ಕಿಲ್ಲ."

ಆಮೇಲೆ ಕಾಗದ ತೋರಿಸಿದೆ. ತೋರಿಸಬಾರದಿತ್ತೇನೋ. 1998ರ ಸಾಲಿನಲ್ಲಿ ಬರೆದುಕೊಟ್ಟವರು ಅಂತ ಮೂರು ಹೆಂಗಸರ ಹೆಸರಿದೆ, ಇಡೀ ಇ.ಸಿ.ಯಲ್ಲಿ ಹೆಣ್ಣು ಹೆಸರು ಅಂತ ಇರುವುದು ಅಲ್ಲೊಂದೇ ಕಡೆ, ಅದೂ ಬಿಟ್ಟುಕೊಟ್ಟ ಕಡೆ. ಮೊದಲನೆಯದು ಅಜ್ಜಿಯದು. ಅಪ್ಪ ಸ್ವಂತ ದುಡಿಮೆಯಲ್ಲಿ ತಗೊಂಡ ಮನೆ, ಉಯಿಲು ಬರೆಯದೆ ಹೋದರೆ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 1956ರ ಕಾನೂನಿನಲ್ಲೇ ಇದೆ. ಅದಕ್ಕೇ ಸೈನ್ ಬೇಕಾಗಿದ್ದು.

"ಇದರಲ್ಲಿ ನಿಮ್ಮ ಹೆಸರಿದೆ ಅಜ್ಜಿ."

"ಇರುತ್ತೆ. ಹಾಕು ಅಂದರು, ಹಾಕಿದೆ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಮೂವರಿಗೂ ಒಂದೊಂದು ಸೀರೆ." ಕಾಗದವನ್ನು ದೂರ ಹಿಡಿದು ನೋಡಿದರು, ಓದಿದರೋ ಇಲ್ಲವೋ. "ಮೊದಲನೇ ಒಗೆತಕ್ಕೇ ಬಣ್ಣ ಬಿಡ್ತು ಆ ಸೀರೆ. ಜೊತೇಲಿ ಹಾಕಿದ್ದ ಪಂಚೆ ಎಲ್ಲ ಗುಲಾಬಿ."

ಇಬ್ಬರೂ ಜೋರಾಗಿ ನಕ್ಕೆವು. ನಕ್ಕಾದ ಮೇಲೆ ಏನು ಮಾತಾಡಬೇಕು ಅಂತ ತಿಳಿಯಲಿಲ್ಲ.

ಅಂಕಲ್ ಮೇಲೆ ಸಿಟ್ಟು ಬರಬೇಕು, ಬರುತ್ತಿಲ್ಲ. ಕಳೆದ ವರ್ಷ ನನಗೆ ಡೆಂಗಿ ಬಂದಾಗ ಬಾಡಿಗೆ ಕೇಳದೆ ಸುಮ್ಮನಿದ್ದವರು. ಅಕ್ಕನನ್ನೂ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಎಲ್ಲರೂ ಒಳ್ಳೆಯವರೇ, ಅದೇ ಕಿರಿಕಿರಿ.

ಇವರು ಹೇಳ್ತಾರೆ, "ನಿನಗ್ಯಾಕೆ ಊರ ಉಸಾಬರಿ, ಮೊದಲು ಬೇರೆ ಮನೆ ನೋಡು" ಅಂತ. ಸರಿಯೇ. ಚಾಮರಾಜಪೇಟೆ ಬಡಾವಣೆ ಆದದ್ದು 1892ರಲ್ಲಿ, ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಜನ ಪಾತ್ರೆಪಗಡ ಗಾಡಿಗೆ ಹೇರಿಕೊಂಡು ಹೋಗಿರಬಹುದು, ನಾವೇನು ದೊಡ್ಡ ವಿಷಯ.

ಆದರೆ ಮಲಗುವ ಮೊದಲು ಒಂದು ಹೊಳೆಯಿತು, ಅದಕ್ಕೇ ಎದ್ದು ಬಂದು ಬರೆಯುತ್ತಿದ್ದೇನೆ. ತಗೊಳ್ಳುವವರು ಇದನ್ನು ಕೆಡವಿ ನಾಲ್ಕು ಅಂತಸ್ತು ಕಟ್ಟುತ್ತಾರಂತೆ. ಮೇಲೆ ಮದ್ರಾಸ್ ತಾರಸಿ (ಮರದ ಜಂತಿಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ್ದು), ನಮ್ಮ ಜಂತಿಗಳ ತುದಿ ನಡುವಿನ ಗೋಡೆಯಲ್ಲಿ ಕೂತಿದೆ. ಅಜ್ಜಿ ಮನೆಯ ಜಂತಿಗಳೂ ಆಚೆಯಿಂದ ಅದೇ ಗೋಡೆಯ ಮೇಲೇ ಕೂತಿರಬೇಕಲ್ಲ. ಆ ಗೋಡೆ ಯಾರದು? ಕ್ರಯಪತ್ರದ ಚಕ್ಕುಬಂದಿಯಲ್ಲಿ, ನಾಲ್ಕು ದಿಕ್ಕಿನ ಗಡಿ ಹೇಳುವ ಕಡೆ, "ಉತ್ತರಕ್ಕೆ" ಅಂತ ಬರೆದ ಕಡೆ ಏನೋ ಇತ್ತು, ನಾನು ಸರಿಯಾಗಿ ಓದಲೇ ಇಲ್ಲ, ಬೆಳಗ್ಗೆ ಅಂಕಲ್ ಬರುವುದರೊಳಗೆ ಅದನ್ನೊಂದು